ಆವಕ, ಜಾವಕ, ಶಿಲ್ಕು

ನಾನು ಕೆಲಸ ಮಾಡುವ ಬ್ಯಾಂಕಿನಲ್ಲಿ ಆವಕ–ಜಾವಕ ಪುಸ್ತಕವನ್ನು ಕೈಯಿಂದ ಬರೆಯುವ ಪದ್ಧತಿ ನಿಂತು ಎಷ್ಟೋ ವರ್ಷಗಳಾದವು. ಆದರೆ ಬ್ಯಾಂಕಿಗೆ ರಜೆ ಇರುವ ಎರಡನೇ ಮತ್ತು ನಾಲ್ಕನೇ ಶನಿವಾರಗಳಂದು ನಾನು ಉದ್ದನೆಯ ರಟ್ಟಿನ ಪುಸ್ತಕವೊಂದರ ಮುಂದೆ ಕುಳಿತು ಅದನ್ನೇ ಬರೆಯುತ್ತೇನೆ. ಪುಸ್ತಕವಿರುವುದು ಬೆಂಗಳೂರಿನ ಅಂಚಿನಲ್ಲಿ, ಕನಕಪುರ ರಸ್ತೆಯಿಂದ ಒಳಕ್ಕೆ ತಿರುಗುವ ಮಣ್ಣುದಾರಿಯ ಕೊನೆಗೆ, ತಗಡಿನ ಚಾವಣಿ ಹೊದ್ದ ಪ್ರಾಣಿಗಳ ಆಶ್ರಯಧಾಮವೊಂದರಲ್ಲಿ. ಎಡಪುಟದಲ್ಲಿ ಒಳಗೆ ಬಂದ ಪ್ರಾಣಿಯ ವಿವರ: ದಿನಾಂಕ, ನಾಯಿಯೋ ಬೆಕ್ಕೋ, ಬಣ್ಣ, ಅಂದಾಜು ವಯಸ್ಸು, ಎಲ್ಲಿಂದ ತಂದದ್ದು, ಏನಾಗಿದೆ. ಬಲಪುಟದಲ್ಲಿ ಅದು ಹೊರಗೆ ಹೋದ ವಿವರ. ಹೊರಗೆ ಹೋಗುವುದಕ್ಕೆ ಮೂರೇ ದಾರಿಗಳಿವೆ. ತನ್ನ ಬೀದಿಗೆ ಮರಳಬೇಕು, ಇಲ್ಲವೇ ಯಾರದಾದರೂ ಮನೆ ಸೇರಬೇಕು, ಎರಡೂ ಆಗದಿದ್ದರೆ ಸಾಯಬೇಕು. ಬಲಪುಟ ಖಾಲಿಯಾಗಿಯೇ ಉಳಿದ ಸಾಲುಗಳನ್ನು ವರ್ಷದ ಕೊನೆಗೆ ಎಣಿಸಿ ಹೊಸ ಪುಸ್ತಕದ ಮೊದಲ ಪುಟಕ್ಕೆ ಇಳಿಸುತ್ತೇವೆ. ಲೆಕ್ಕದ ಭಾಷೆಯಲ್ಲಿ ಅದು ಆರಂಭ ಶಿಲ್ಕು. ಈ ಬರಹ ಆ ಶಿಲ್ಕಿನಲ್ಲಿರುವ ಒಂದು ಸಾಲಿನ ಕುರಿತದ್ದು, ಏಕೆಂದರೆ ಅದನ್ನು ಆ ಪುಸ್ತಕಕ್ಕೆ ಸೇರಿಸಿದವಳು ನಾನು.

2019ರ ಮಳೆಗಾಲದ ಒಂದು ಸೋಮವಾರ, ನಮ್ಮ ಶಾಖೆಯ ಎದುರಿನ ರಸ್ತೆಯಲ್ಲಿ ಟೆಂಪೊವೊಂದು ಕಂದು ಬಣ್ಣದ ಹೆಣ್ಣುನಾಯಿಯ ಸೊಂಟದ ಮೇಲೆ ಹರಿದು ಹೋಯಿತು. ನಾಯಿ ಸಾಯಲಿಲ್ಲ, ಮುಂಗಾಲುಗಳನ್ನಷ್ಟೇ ಊರಿ, ಹಿಂದಿನ ಅರ್ಧ ದೇಹವನ್ನು ಒದ್ದೆ ಬಟ್ಟೆಯಂತೆ ಎಳೆದುಕೊಂಡು ಚರಂಡಿಯ ಅಂಚಿಗೆ ಬಂದು ಕುಳಿತಿತು. ನಾನೂ ನಮ್ಮ ಕಾವಲಿನವರೂ ಸೇರಿ ಅದನ್ನು ಗೋಣಿಚೀಲದ ಮೇಲೆ ಎತ್ತಿ, ಸೀಟಿಗೆ ರಕ್ತವಾಗುತ್ತದೆಂದು ಗೊಣಗುತ್ತಿದ್ದ ಆಟೊದವರಿಗೆ ಎರಡು ಪಟ್ಟು ಬಾಡಿಗೆ ಒಪ್ಪಿಸಿ, ಯಾರೋ ಹೇಳಿದ ಈ ಆಶ್ರಯಧಾಮದ ಗೇಟಿಗೆ ತಂದೆವು. ಗೇಟಿನಲ್ಲಿ ಸಿಕ್ಕ ಉತ್ತರ, ಜಾಗವಿಲ್ಲ. ನಾನು ಆ ದಿನ ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಪ್ರಾಣಿದಯೆಯ ಬೋರ್ಡು ತಗುಲಿಸಿಕೊಂಡು ದುಡ್ಡು ಎತ್ತುವವರು ಎಂಬಲ್ಲಿಂದ ಅವು ಶುರುವಾಗಿದ್ದವು. ಅರ್ಧ ಗಂಟೆ ಕಳೆದ ಮೇಲೆ ಗೇಟು ತೆರೆಯಿತು. ನನ್ನ ಕೂಗಾಟಕ್ಕೆ ಹೆದರಿ ಅಲ್ಲ, ಒಳಗೆ ಇನ್ನೊಂದು ನಾಯಿ ಅಷ್ಟರಲ್ಲಿ ಸತ್ತು ಗೂಡು ಖಾಲಿಯಾದದ್ದರಿಂದ ಎಂದು ನನಗೆ ತಿಳಿದದ್ದು ಬಹಳ ದಿನಗಳ ಮೇಲೆ, ಅದೇ ಪುಸ್ತಕದ ಹಳೆಯ ಪುಟ ತಿರುಗಿಸುವಾಗ.

ಬೆನ್ನುಹುರಿಗೆ ಪೆಟ್ಟಾಗಿದೆ, ಇದು ಇನ್ನು ನಡೆಯುವುದಿಲ್ಲ ಎಂದು ಡಾಕ್ಟರು ಹೇಳಿದರು. ನಾನು ಪರ್ಸಿಗೆ ಕೈ ಹಾಕಿದಾಗ ಅಲ್ಲಿನ ಮೇಲ್ವಿಚಾರಕರು, ದುಡ್ಡು ನಿಮ್ಮಿಷ್ಟ, ಆದರೆ ಶನಿವಾರ ಬಿಡುವಿದ್ದರೆ ಬನ್ನಿ, ಕೈ ಸಾಲುತ್ತಿಲ್ಲ ಎಂದರು. ಅಷ್ಟು ಬೈದ ಮೇಲೆ ಆಗುವುದಿಲ್ಲ ಎನ್ನಲು ನನಗೆ ಮುಖವಿರಲಿಲ್ಲ.

ಮೊದಲ ಶನಿವಾರ ನಾನು ಕಲ್ಪಿಸಿಕೊಂಡು ಹೋದದ್ದು ನಾಯಿಮರಿಗಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವ ಕೆಲಸವನ್ನು. ಕೈಗೆ ಬಂದದ್ದು ಕಡ್ಡಿಪೊರಕೆ ಮತ್ತು ಬಕೆಟ್ಟು. ಅಲ್ಲಿ ಗಂಡನೊಂದಿಗೆ ವಾಸವಿದ್ದು ಪ್ರಾಣಿಗಳನ್ನು ನೋಡಿಕೊಳ್ಳುವ ಹೆಂಗಸು ಯಾದಗಿರಿ ಕಡೆಯವರು. ಕಟ್ಟಡದ ಕೆಲಸಕ್ಕೆಂದು ಬೆಂಗಳೂರಿಗೆ ಬಂದು ಇಲ್ಲಿ ನಿಂತವರು. ನನಗಿಂತ ನಾಲ್ಕೈದು ವರ್ಷ ದೊಡ್ಡವರಾದರೂ ನನ್ನನ್ನು ಅಕ್ಕಾರ ಎನ್ನುತ್ತಾರೆ, ನಾನೂ ಅವರನ್ನು ಅಕ್ಕ ಎನ್ನುತ್ತೇನೆ, ಇಬ್ಬರಿಗೂ ಅದರಲ್ಲಿ ತೊಡಕು ಕಂಡಿಲ್ಲ. ಗುಡಿಸುವುದಕ್ಕೂ ಒಂದು ಕ್ರಮವಿದೆ ಎಂಬುದನ್ನು ಕಲಿಸಿದವರು ಅವರು. ಮೊದಲು ಲಸಿಕೆ ಆಗದ ಮರಿಗಳ ಗೂಡು, ಆಮೇಲೆ ಆರೋಗ್ಯವಾಗಿರುವ ದೊಡ್ಡವು, ಕೊನೆಗೆ ಕಾಯಿಲೆಯವು; ಈ ಸಾಲನ್ನು ಹಿಂದುಮುಂದು ಮಾಡಿದರೆ ಪೊರಕೆಯೇ ರೋಗವನ್ನು ಹೊತ್ತು ತಿರುಗುತ್ತದೆ. ಪಾರ್ವೊ ಎಂಬ ವೈರಸ್ಸು ಫಿನಾಯಿಲಿಗೆ ಜಗ್ಗುವುದಿಲ್ಲ, ನೆಲದ ಸಂದಿಯಲ್ಲಿ ತಿಂಗಳುಗಟ್ಟಲೆ ಉಳಿದಿರುತ್ತದೆ. ಅದಕ್ಕೆ ಬ್ಲೀಚಿಂಗ್ ನೀರೇ ಬೇಕು. ಆ ನೀರೂ ಹೇಸಿಗೆಯ ಮೇಲೆ ಸುರಿದರೆ ಸತ್ವ ಕಳೆದುಕೊಳ್ಳುವುದರಿಂದ ಮೊದಲು ಬಳಿದು, ತೊಳೆದು, ಆಮೇಲೆ ಸುರಿದು, ಹತ್ತು ನಿಮಿಷ ಬಿಡಬೇಕು. ಬೆಕ್ಕಿನ ಕೋಣೆಗೆ ಫಿನಾಯಿಲನ್ನು ಒಯ್ಯಲೇಬಾರದು, ಬೆಕ್ಕಿಗೆ ಅದು ವಿಷ. ಪಾರ್ವೊ ಬಂದ ಮರಿಯ ರಕ್ತಭೇದಿಯ ವಾಸನೆಯನ್ನು ಒಮ್ಮೆ ಕಂಡ ಮೂಗು ಮರೆಯುವುದಿಲ್ಲ. ಅಕ್ಕ ಗೂಡಿನ ಬಾಗಿಲು ತೆರೆಯುವ ಮುಂಚೆಯೇ ನಿಂತು, ಮೂಗು ಅರಳಿಸಿ, ನನ್ನನ್ನು ಹಿಂದಕ್ಕೆ ಕಳಿಸಿದ ದಿನಗಳಿವೆ.

ನನ್ನ ಅವಿವೇಕಕ್ಕೆ ಅವರ ಕಣ್ಣು ಅಡ್ಡ ಬಂದ ಒಂದು ಬೆಳಗು ಇನ್ನೂ ಮೈ ನಡುಗಿಸುತ್ತದೆ. ಯಾರೋ ಒಂದು ನಾಯಿಯನ್ನು ತಂದು, ಗಂಟಲಲ್ಲಿ ಎಲುಬು ಸಿಕ್ಕಿಕೊಂಡಿದೆ, ಎರಡು ದಿನದಿಂದ ತಿಂದಿಲ್ಲ ಎಂದು ಹೇಳಿ ಬಿಟ್ಟು ಹೋಗಿದ್ದರು. ಬಿಳಿ ನಾಯಿ, ಬೋನಿನ ಮೂಲೆಯಲ್ಲಿ ಸುಮ್ಮನೆ ನಿಂತಿತ್ತು. ಕೆಳದವಡೆ ಜೋತುಬಿದ್ದು, ನಾಲಿಗೆಯ ತುದಿಯಿಂದ ಜೊಲ್ಲು ದಾರದಂತೆ ಇಳಿಯುತ್ತಿತ್ತು. ಬೊಗಳಲಿಲ್ಲ, ಗುರುಗುಟ್ಟಲಿಲ್ಲ, ನನ್ನನ್ನು ದೀನವಾಗಿ ನೋಡುತ್ತಿದೆ ಎಂದೇ ನನಗನ್ನಿಸಿತು. ಗ್ಲೌಸು ಹಾಕಿಕೊಂಡು ಬೋನಿನ ಚಿಲಕಕ್ಕೆ ಕೈ ಇಟ್ಟಿದ್ದೆ. ಹಿಂದಿನಿಂದ ಅಕ್ಕ, "ಮುಟ್ಟಬ್ಯಾಡ್ರೀ ಅಕ್ಕಾರ, ಎಲುಬಲ್ಲರೀ ಅದು" ಎಂದರು. ಏರುದನಿಯೇನಲ್ಲ, ಒಲೆಯ ಮೇಲಿನ ಹಾಲು ಉಕ್ಕುತ್ತಿದೆ ಎನ್ನುವಷ್ಟೇ ದನಿ. ಹುಚ್ಚುನಾಯಿ ಎಂದರೆ ನೊರೆ ಕಾರುತ್ತ ಅಟ್ಟಿಸಿಕೊಂಡು ಬರುವುದೆಂದು ನಾವೆಲ್ಲ ನಂಬಿದ್ದೇವೆ. ರೇಬೀಸಿಗೆ ಹೀಗೆ ಮೂಕವಾಗಿ, ದವಡೆಯ ಸ್ನಾಯುಗಳು ಸೋತು ನಿಲ್ಲುವ ರೂಪವೂ ಇದೆ, ಮತ್ತು ಬಾಯೊಳಗೆ ಎಲುಬು ಹುಡುಕಲು ಹೋದ ಕರುಣಾಳುಗಳೇ ಅದಕ್ಕೆ ಸುಲಭವಾಗಿ ಸಿಗುತ್ತಾರೆ. ಆ ನಾಯಿ ಮೂರನೆಯ ದಿನ ತೀರಿಕೊಂಡಿತು. ನನ್ನ ಅದೃಷ್ಟಕ್ಕೆ ನಾನು ಸೇರಿದ ತಿಂಗಳಲ್ಲೇ ಮುಂಜಾಗ್ರತೆಯ ಲಸಿಕೆಯ ಮೂರು ಸೂಜಿಗಳನ್ನೂ ಚುಚ್ಚಿಸಿದ್ದರು: ಮೊದಲ ದಿನ, ಏಳನೆಯ ದಿನ, ಆಮೇಲೆ ಮೂರನೆಯ ವಾರದಲ್ಲಿ. ಮುಂದೆ ಎರಡು ವರ್ಷದ ಮೇಲೆ ನೋವಿನಲ್ಲಿದ್ದ ಬೇರೊಂದು ನಾಯಿ ನನ್ನ ಮುಂಗೈ ಕಚ್ಚಿದಾಗ, ಸೋಪು ಹಾಕಿ ನಲ್ಲಿಯ ಕೆಳಗೆ ಹದಿನೈದು ನಿಮಿಷ ಕೈ ಹಿಡಿದು ನಿಂತು, ಇನ್ನೆರಡೇ ಸೂಜಿಗಳಲ್ಲಿ ಮುಗಿಯಿತು. ಇಂಥ ಕಡೆ ಸೇವೆಗೆ ಹೋಗಬೇಕೆನ್ನುವವರಿಗೆ ನಾನು ಮೊದಲು ಕೇಳುವುದು ಪ್ರೀತಿಯ ಬಗ್ಗೆ ಅಲ್ಲ, ಈ ಮೂರು ಸೂಜಿಗಳ ಬಗ್ಗೆ.

ನಾನು ತಂದ ಕಂದು ನಾಯಿಗೆ ಸೋಮವಾರ ಬಂದಳೆಂದು ಅಕ್ಕ ಸೋಮಿ ಎಂದು ಹೆಸರಿಟ್ಟಿದ್ದರು. ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲದ ನಾಯಿಗೆ ಮೂತ್ರ ತಾನಾಗಿ ಬರುವುದಿಲ್ಲ. ಚೀಲ ತುಂಬಿ ತುಳುಕುವುದೇ ಹೊರತು ಖಾಲಿಯಾಗುವುದಿಲ್ಲ, ಖಾಲಿಯಾಗದಿದ್ದರೆ ಸೋಂಕು ಮೂತ್ರಪಿಂಡಕ್ಕೆ ಏರುತ್ತದೆ. ದಿನಕ್ಕೆ ಮೂರು ಸಲ ಯಾರಾದರೂ ಕೈಯಿಂದ ಒತ್ತಿ ತೆಗೆಯಬೇಕು. ಅಕ್ಕ ನನ್ನ ಕೈಯನ್ನು ತಮ್ಮ ಕೈಯ ಕೆಳಗಿಟ್ಟುಕೊಂಡು ಕಲಿಸಿದರು. ಹಿಂಗಾಲುಗಳ ಮುಂದೆ, ಹೊಟ್ಟೆಯ ಎರಡೂ ಬದಿಯಿಂದ ಬೆರಳುಗಳನ್ನು ಚಪ್ಪಟೆಯಾಗಿ ಒಳಕ್ಕೆ ತಂದರೆ, ನೀರು ತುಂಬಿದ ಬಲೂನಿನಂತೆ ಜಾರುವ, ದೊಡ್ಡ ಮೂಸಂಬಿಯಷ್ಟು ಗಾತ್ರದ ಒಂದು ಉಂಡೆ ಸಿಗುತ್ತದೆ. ಅದನ್ನು ಹಿಂಡಬಾರದು, ಒತ್ತಡವನ್ನು ಒಂದೇ ಸಮನಾಗಿ ಏರಿಸುತ್ತ ಹಿಂದಕ್ಕೆ ನೂಕಬೇಕು. ನನಗೆ ಮೊದಲ ನಾಲ್ಕು ಶನಿವಾರ ಸಿಕ್ಕಿದ್ದು ಕರುಳು. ಐದನೆಯದರಲ್ಲಿ ಉಂಡೆ ಸಿಕ್ಕಿತು, ಧಾರೆ ನನ್ನ ಚಪ್ಪಲಿಯ ಮೇಲೆ ಬಿತ್ತು, ಅಕ್ಕ ಜೋರಾಗಿ ನಕ್ಕರು. ಸೋಮಿ ಮಾತ್ರ ಇದು ಯಾರದೋ ವ್ಯವಹಾರವೆಂಬಂತೆ ಅಡುಗೆಮನೆಯ ಕಡೆಗೆ ಮೂಗು ಹಿಡಿದುಕೊಂಡಿದ್ದಳು.

ಬ್ಯಾಂಕಿನವಳೆಂಬ ಕಾರಣಕ್ಕೆ ಪುಸ್ತಕ ನನ್ನ ಪಾಲಿಗೆ ಬಂದದ್ದು ಆ ಚಳಿಗಾಲದಲ್ಲಿ. ಎಡಪುಟವನ್ನು ಒಂದು ವರ್ಷ ಬರೆದವರಿಗೆ ಪಂಚಾಂಗವೇ ಬೇಕಾಗುವುದಿಲ್ಲ. ಕಾರ್ತಿಕ ಕಳೆದು ಚಳಿ ಬಿದ್ದಿತೆಂದರೆ ರಟ್ಟಿನ ಡಬ್ಬಿಗಳಲ್ಲಿ ಕಣ್ಣು ಬಿಡದ ಮರಿಗಳು. ದೀಪಾವಳಿಯ ಮರುದಿನ, ಪಟಾಕಿಗೆ ಹೆದರಿ ಗೇಟು ಹಾರಿ ಓಡಿದ, ಕೊರಳಲ್ಲಿ ಪಟ್ಟಿ ಇರುವ ಮನೆನಾಯಿಗಳು. ಏಪ್ರಿಲ್–ಮೇ ತಿಂಗಳಲ್ಲಿ ಕೊರಳಪಟ್ಟಿ ತೆಗೆದ ಮನೆನಾಯಿಗಳು, ಶಾಲೆಗೆ ರಜೆ ಬಂದು ಮನೆಯವರು ಊರಿಗೆ ಹೊರಟ ಗುರುತು. ಕೊರಳಿನ ಸುತ್ತ ಕೂದಲು ಸವೆದ ಉಂಗುರ ನೋಡಿದರೆ ಗೊತ್ತಾಗುತ್ತದೆ. ಮಳೆ ಹಿಡಿದರೆ ಹುಳ ಬಿದ್ದ ಗಾಯಗಳು. ಒಂದು ರಾತ್ರಿ ಕಳೆಯುವುದರೊಳಗೆ ನೊಣದ ಮೊಟ್ಟೆ ಒಡೆದು ಹುಳವಾಗುತ್ತದೆ, ಮೂರು ದಿನ ಬಿಟ್ಟರೆ ಕಿವಿಯ ಹಿಂದಿನ ಚಿಕ್ಕ ತೂತಿನೊಳಗೆ ಎರಡು ಬೆರಳು ಹೋಗುವಷ್ಟು ಟೊಳ್ಳು. ಚಿಮಟದಿಂದ ಒಂದೊಂದಾಗಿ ಹೆಕ್ಕಿ ಬಟ್ಟಲಿಗೆ ಹಾಕುತ್ತ ಇನ್ನೂರರವರೆಗೆ ಎಣಿಸಿ ಬಿಟ್ಟಿದ್ದೇನೆ.

ಹೆಸರಿನ ಕಲಂ ಮೊದಲು ಪುಸ್ತಕದಲ್ಲಿ ಇರಲಿಲ್ಲ. ವಾರದೊಳಗೆ ಹೋಗುವ ನಾಯಿಗೆ ಹೆಸರೇಕೆ ಎಂಬುದು ಮೇಲ್ವಿಚಾರಕರ ವಾದ, ಸಂಖ್ಯೆ ಸಾಕು. ನಾನು ಗೆರೆ ಎಳೆದು ಕಲಂ ಸೇರಿಸಿದೆ. ನಾಯಿಯ ಹೆಸರನ್ನು ಬರೆದಿಡುವುದು ಕನ್ನಡಕ್ಕೆ ಹೊಸ ಚಾಳಿಯೇನಲ್ಲ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ವೀರಗಲ್ಲಿದೆ, 949–50ರ ಕಾಲದ್ದು. ಗಂಗರ ದೊರೆ ಬೂತುಗ ತನ್ನ ವೀರ ಮಣಲೇರನಿಗೆ ಮೆಚ್ಚಿ ಕೊಟ್ಟ ಕಾಳಿ ಎಂಬ ಬೇಟೆನಾಯಿ ಹಂದಿಯೊಂದಿಗೆ ಕಾದಾಡಿ, ಎರಡೂ ಸತ್ತವು. ಮಣಲೇರ ಅದಕ್ಕೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟ. ಆ ಕಲ್ಲನ್ನು ಪೂಜಿಸದೆ ಉಂಡ ಪೂಜಾರಿಗೆ ನಾಯಿಯ ಪಾಪ ತಟ್ಟಲೆಂದೂ ಶಾಸನದಲ್ಲಿ ಬರೆಸಿದ್ದಾನೆ. ಕಲ್ಲಿನ ಮೇಲೆ ಹಂದಿಯೂ ನಾಯಿಯೂ ಇನ್ನೂ ಹೋರಾಡುತ್ತಲೇ ಇವೆ. ರಾಷ್ಟ್ರಕೂಟರು ಚೋಳರನ್ನು ತಕ್ಕೋಲದಲ್ಲಿ ಸೋಲಿಸಿದ ಕಥೆಯೂ ಅದೇ ಕಲ್ಲಿನಲ್ಲಿದೆ ಎಂದು ಇತಿಹಾಸದವರು ಅದಕ್ಕೆ ಬೆಲೆ ಕೊಡುತ್ತಾರೆ. ನಾನು ನೋಡಲು ಹೋದದ್ದು ಕಾಳಿಯನ್ನು. ಆದರೆ ಕಾಳಿಗೆ ಕಲ್ಲು ದೊರೆತದ್ದು ಗೆಲುವಿನ ಸಾವಿಗಾಗಿ. ನಮ್ಮ ಪುಸ್ತಕದಲ್ಲಿ ಇರುವವೆಲ್ಲ ಟೆಂಪೊ, ಬೈಕು, ಬಿಸಿನೀರು, ಹುಳ. ಹೆಸರುಗಳೂ ಹಾಗೆಯೇ ಸಾದಾ: ಕರಿಯ, ಚುಕ್ಕಿ, ಇಡ್ಲಿ, ಇನ್ನೊಬ್ಬ ಕರಿಯ.

2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂದು, ನಮ್ಮಂಥವರು ಯಾರೂ ಎರಡು ತಿಂಗಳು ಅತ್ತ ಹೋಗಲಾಗಲಿಲ್ಲ. ಅಕ್ಕನೂ ಅವರ ಗಂಡನೂ ಅಷ್ಟೂ ಪ್ರಾಣಿಗಳೊಂದಿಗೆ ಒಳಗೇ ಉಳಿದರು. ಜೂನಿನಲ್ಲಿ ಹೋಗಿ ಪುಸ್ತಕ ತೆರೆದರೆ ಮಾರ್ಚ್ 21ರ ನಂತರ ಏನೂ ಇಲ್ಲ. ಅಕ್ಕನಿಗೆ ಓದುಬರಹ ಬರುವುದಿಲ್ಲ, ಗಂಡನಿಗೆ ಸಹಿ ಮಾತ್ರ. ಲೆಕ್ಕ ತಪ್ಪಿತಲ್ಲ ಎಂದು ನಾನು ಪೇಚಾಡುತ್ತಿದ್ದಾಗ ಅವರು ನನ್ನನ್ನು ಅಡುಗೆಮನೆಗೆ ಕರೆದೊಯ್ದು ಒಲೆಯ ಪಕ್ಕದ ಗೋಡೆ ತೋರಿಸಿದರು. ಇದ್ದಿಲಿನ ಗೆರೆಗಳು. ಬಂದದ್ದಕ್ಕೊಂದು ನಿಂತ ಗೆರೆ. ಸತ್ತಿದ್ದರೆ ಅದರ ಮೇಲೆ ಅಡ್ಡಗೆರೆ. ಮರಿಗಳಿಗೆ ಗಿಡ್ಡ ಗೆರೆ. ಯಾವ ಗೆರೆ ಯಾವ ನಾಯಿ, ಯಾವ ಊರಿನ ಯಾರು ಗೇಟಿನ ಮುಂದೆ ಕಟ್ಟಿ ಹೋದದ್ದು ಎಂಬುದನ್ನು ಒಂದೂ ತಡವರಿಸದೆ ಹೇಳಿದರು. ನಾನು ಅರ್ಧ ದಿನ ಕುಳಿತು ಇಳಿಸಿಕೊಂಡೆ. ಲೆಕ್ಕ ತಾಳೆಯಾಯಿತು. ನನ್ನ ಮೂವತ್ತು ವರ್ಷದ ನೌಕರಿಯಲ್ಲಿ ಒಂದೇ ಸಲಕ್ಕೆ ತಾಳೆಯಾದ ಲೆಕ್ಕಗಳು ಕಡಿಮೆ.

ಭೇಟಿಗೆ ಬರುವವರ ಬಗ್ಗೆ ಹೆಚ್ಚು ಬರೆದರೆ ನನ್ನದೇ ಹಳೆಯ ರೂಪವನ್ನು ಆಡಿಕೊಂಡಂತಾಗುತ್ತದೆ. ಆದರೂ ಎರಡು ಮಾತು. ಹುಟ್ಟುಹಬ್ಬಕ್ಕೆಂದು ಕೇಸರಿಬಾತ್ ತರುವವರು ಅದರಲ್ಲಿನ ದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ಕೇಡೆಂದು ಹೇಳಿದರೆ ಮುನಿಸಿಕೊಳ್ಳುತ್ತಾರೆ. ಪಾಪ, ಗೋಡಂಬಿ ದ್ರಾಕ್ಷಿ ಹಾಕದೆ ಪ್ರೀತಿ ತೋರಿಸುವುದು ಹೇಗೆ ಎಂದು ಅವರಿಗೆ ತಿಳಿಯದು. ಕಂಪನಿಗಳಿಂದ ಒಂದೇ ಬಣ್ಣದ ಟೀ ಶರ್ಟ್ ತೊಟ್ಟು ಬಸ್ಸಿನಲ್ಲಿ ಬರುವವರಿಗೆ ಒಂದು ದಿನದಲ್ಲಿ ಮುಗಿಯುವ, ಫೋಟೋದಲ್ಲಿ ಕಾಣುವ ಕೆಲಸ ಬೇಕು. ಹೀಗಾಗಿ ನಮ್ಮ ಮುಂಭಾಗದ ಗೋಡೆಗೆ ಒಂದೇ ವರ್ಷದಲ್ಲಿ ನಾಲ್ಕು ಸಲ ಬಣ್ಣ ಬಿದ್ದಿತ್ತು, ಹಿಂದಿನ ಚರಂಡಿ ಮಾತ್ರ ಕಟ್ಟಿಕೊಂಡೇ ಇತ್ತು. ನಾಯಿಗಳಿಗಂತೂ ಹೊಸಬರು ದಂಡಾಗಿ ಬಂದ ದಿನ ಊಟ ಸೇರುವುದಿಲ್ಲ. ಅವುಗಳಿಗೆ ಬೇಕಾದದ್ದು ಅದೇ ವಾಸನೆಯ ಮನುಷ್ಯ, ಅದೇ ಹೊತ್ತಿಗೆ, ಅದೇ ಬಕೆಟ್ಟಿನ ಸದ್ದಿನೊಂದಿಗೆ ಬರುವುದು.

ಈಗ ಶನಿವಾರಗಳಲ್ಲಿ ಫೋನು ಎತ್ತುವುದೂ ನನ್ನ ಕೆಲಸ. ಜಾಗವಿಲ್ಲ ಎಂದು ನಾನು ಹೇಳುತ್ತೇನೆ. ಆ ಕಡೆಯಿಂದ ಬರುವ ಬೈಗುಳಗಳಲ್ಲಿ ನನ್ನವೇ ಮಾತುಗಳನ್ನು ಕೇಳುತ್ತೇನೆ. ಬೋರ್ಡು, ದುಡ್ಡು, ಪ್ರಾಣಿದಯೆ, ಕ್ರಮವೂ ಅದೇ. ಹೇಳದೆ ಉಪಾಯವಿಲ್ಲ. 2023ರಲ್ಲಿ ಬೆಂಗಳೂರು ಪಾಲಿಕೆ ನಡೆಸಿದ ಸಮೀಕ್ಷೆಯ ಪ್ರಕಾರ ನಗರದಲ್ಲಿದ್ದ ಬೀದಿನಾಯಿಗಳು ಸುಮಾರು 2.79 ಲಕ್ಷ. 2019ರ ಎಣಿಕೆಗಿಂತ ಅದು ಕಡಿಮೆಯಾಗಿತ್ತು, ನಾಯಿಗಳನ್ನು ಎಲ್ಲಿಯೋ ಕೂಡಿಹಾಕಿದ್ದರಿಂದಲ್ಲ, ಹತ್ತರಲ್ಲಿ ಏಳಕ್ಕೆ ಸಂತಾನಹರಣ ಚಿಕಿತ್ಸೆಯಾಗಿದ್ದರಿಂದ. ಕಾನೂನು ಕೂಡ, 2001ರ ನಿಯಮಗಳಾಗಲಿ ಅವುಗಳ ಜಾಗದಲ್ಲಿ ಬಂದ 2023ರ ನಿಯಮಗಳಾಗಲಿ, ಹೇಳುವುದು ಹಿಡಿದು, ಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಕಿವಿಯ ತುದಿ ಕತ್ತರಿಸಿ, ಹಿಡಿದ ಜಾಗಕ್ಕೇ ಬಿಡಬೇಕೆಂದು. ನಾಯಿಗೆ ತನ್ನ ಬೀದಿಯ ಗಡಿ ಗೊತ್ತು, ಬೇರೆ ಬೀದಿಯಲ್ಲಿ ಬಿಟ್ಟರೆ ಅಲ್ಲಿನವು ಅದನ್ನು ಕಚ್ಚಿ ಓಡಿಸುತ್ತವೆ. ಹೀಗಾಗಿ ಎಡಪುಟದಲ್ಲಿ 'ಎಲ್ಲಿಂದ' ಎಂಬ ಕಲಮನ್ನು ನಾನು ಯಾವತ್ತೂ ಬರೀ ಬಡಾವಣೆಯ ಹೆಸರಿಗೆ ಬಿಡುವುದಿಲ್ಲ. ಯಾವ ಅಡ್ಡರಸ್ತೆ, ಯಾವ ಬೇಕರಿಯ ಮುಂದೆ, ಯಾವ ಟ್ರಾನ್ಸ್‌ಫಾರ್ಮರ್ ಕೆಳಗೆ ಎಂದು ಬರೆಸಿಕೊಳ್ಳುತ್ತೇನೆ.

2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ದೆಹಲಿಯ ಬೀದಿನಾಯಿಗಳನ್ನೆಲ್ಲ ಆಶ್ರಯಧಾಮಗಳಿಗೆ ಸೇರಿಸಿ ಮರಳಿ ಬಿಡಬಾರದೆಂದಿತು. ಹನ್ನೊಂದು ದಿನದಲ್ಲಿ ಅದನ್ನು ಸಡಿಲಿಸಿತು. ಆದರೆ ನವೆಂಬರ್ 7ರ ಆದೇಶದಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದ ನಾಯಿಗಳನ್ನು ದೇಶದ ಎಲ್ಲೆಡೆ ಹಿಡಿದು ಆಶ್ರಯಧಾಮಗಳಲ್ಲೇ ಇಡಬೇಕೆಂದಿತು. ಕಚ್ಚಿಸಿಕೊಂಡ ಮಗುವಿನ ತಾಯಿಯ ಎದುರು ನಾಯಿಯ ಪರ ವಾದಿಸುವ ಧೈರ್ಯ ನನಗಿಲ್ಲ. ಅವಳ ಭಯ ಸುಳ್ಳಲ್ಲ. ನನಗೆ ಗೊತ್ತಿರುವುದು ಪುಸ್ತಕ ಮಾತ್ರ. ಬಲಪುಟವಿಲ್ಲದ ಪುಸ್ತಕವನ್ನು ಬರೆಯುವುದು ಹೇಗೆಂದು ನನಗೆ ತಿಳಿಯುತ್ತಿಲ್ಲ. ಬರುವುದಷ್ಟೇ ಇದ್ದು ಹೋಗುವುದು ಇಲ್ಲದ ಕಡೆ, ಐದು ನಾಯಿಯ ಗೂಡಿಗೆ ಹನ್ನೊಂದು ಸೇರುತ್ತವೆ, ಊಟದ ಹೊತ್ತಿಗೆ ದುರ್ಬಲವಾದದ್ದು ಮೂಲೆ ಹಿಡಿಯುತ್ತದೆ, ಒಂದಕ್ಕೆ ಡಿಸ್ಟೆಂಪರ್ ತಗುಲಿದರೆ ಸಾಲಿಗೆಲ್ಲ ಹಬ್ಬುತ್ತದೆ. ಹೊರಗೆ ಹೋಗುವ ಮೂರು ದಾರಿಗಳಲ್ಲಿ ಆಗ ಒಂದೇ ಉಳಿಯುತ್ತದೆ.

ಇಷ್ಟು ತಿಳಿದ ಮೇಲೂ ನನ್ನ ಲೆಕ್ಕದಲ್ಲೇ ಒಂದು ತಕರಾರಿದೆ. ಸೋಮಿ ಇರುವ ಗೂಡು ಚಿಕಿತ್ಸೆಯ ಸಾಲಿನದು. ಪಕ್ಕದ ಗೂಡಿನ ಪುಟಗಳನ್ನು ತಿರುಗಿಸಿದರೆ, ಕಾಲು ಮುರಿದದ್ದು, ಹುಳ ಬಿದ್ದದ್ದು, ಕಜ್ಜಿ ಹತ್ತಿದ್ದು, ಬಂದು ವಾಸಿಯಾಗಿ ತನ್ನ ಬೇಕರಿಯ ಮುಂದಕ್ಕೋ ಟ್ರಾನ್ಸ್‌ಫಾರ್ಮರ್ ಕೆಳಗೋ ಮರಳಿದ ನಾಯಿಗಳ ಸಾಲು ಉದ್ದಕ್ಕೂ ಇದೆ. ಸೋಮಿಯ ಗೂಡಿನಲ್ಲಿ ಸೋಮಿ. ಮೊದಲ ತಿಂಗಳಲ್ಲೇ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಇದನ್ನು ಹೀಗೇ ಇಟ್ಟುಕೊಳ್ಳುವುದೋ, ನೋವಿಲ್ಲದೆ ಕಳಿಸಿಬಿಡುವುದೋ ಎಂದು ಕೇಳಿದ್ದರು. ಅವಳಿಗೆ ನೋವಿರಲಿಲ್ಲ, ತಿನ್ನುತ್ತಿದ್ದಳು, ನನ್ನ ಬಕೆಟ್ಟಿನ ಸದ್ದಿಗೆ ಮುಂಗಾಲೂರಿ ಏಳುತ್ತಿದ್ದಳು. ಕಳಿಸುವುದು ಬೇಡ ಎಂದೆ. ಇವತ್ತು ಕೇಳಿದರೂ ಬೇಡವೆಂದೇ ಹೇಳುತ್ತೇನೆ. ಆದರೆ ಶನಿವಾರ ಫೋನಿನಲ್ಲಿ ಜಾಗವಿಲ್ಲ ಎನ್ನುವಾಗ ನನ್ನ ಕಣ್ಣು ಕಿಟಕಿಯ ಆಚೆಗಿನ ಆ ಗೂಡಿನ ಮೇಲೆಯೇ ಹೋಗಿ ನಿಲ್ಲುತ್ತದೆ. ಮನೆಗೆ ಕರೆದೊಯ್ಯಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಎರಡನೇ ಮಹಡಿಯ ಬಾಡಿಗೆ ಮನೆ, ಬೆಳಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಬೀಗ. ಮಧ್ಯಾಹ್ನದ ಮೂತ್ರ ಒತ್ತಿ ತೆಗೆಯುವವರು ಯಾರು? ಇದು ಕಾರಣವೋ ನೆಪವೋ ಎಂದು ನಾನೇ ಎಷ್ಟೋ ಸಲ ಯೋಚಿಸಿದ್ದೇನೆ.

ಈ ಏಪ್ರಿಲ್ಲಿನಲ್ಲಿ ಹೊಸ ಪುಸ್ತಕ ತೆರೆದೆವು. ಹಳೆಯದನ್ನು ಎಡಗೈಯ ಕೆಳಗಿಟ್ಟುಕೊಂಡು ಬಲಪುಟ ಖಾಲಿಯಿರುವ ಸಾಲುಗಳನ್ನು ಒಂದೊಂದಾಗಿ ಇಳಿಸುತ್ತ ಬಂದೆ. ಅಕ್ಕ ಬಾಗಿಲಲ್ಲಿ ಕುಳಿತು ಸೋಮಿಯ ಹಾಸಿಗೆಗೆ ಗೋಣಿಚೀಲ ಹೊಲಿಯುತ್ತಿದ್ದರು. ಒಂದೇ ಮಗ್ಗುಲಲ್ಲಿ ಮಲಗಿ ಅವಳ ಸೊಂಟದ ಮೂಳೆಯ ಮೇಲೆ ಮತ್ತೆ ಹುಣ್ಣಾಗುತ್ತಿತ್ತು. ಹೆಣ್ಣು, ಕಂದು, ನಮ್ಮ ಶಾಖೆಯ ಎದುರಿನ ಚರಂಡಿ, ಬೆನ್ನುಹುರಿ ಎಂದು ಏಳನೆಯ ಸಲ ಬರೆದೆ. ವಯಸ್ಸಿನ ಕಲಮಿಗೆ ಬಂದಾಗ ಪೆನ್ನು ನಿಂತಿತು. ಪ್ರತಿವರ್ಷ ಹಳೆಯ ಅಂಕಿಯನ್ನೇ ಇಳಿಸುತ್ತ ಬಂದಿದ್ದೆ, ಪುಸ್ತಕದ ಪ್ರಕಾರ ಸೋಮಿಗೆ ಇನ್ನೂ ಎರಡೇ ವರ್ಷ. "ಅಕ್ಕ, ಇವಳಿಗೀಗ ಎಷ್ಟಾಯಿತು?" ಎಂದು ಕೇಳಿದೆ. ಅವರು ದಬ್ಬಳವನ್ನು ಬಾಯಲ್ಲಿ ಕಚ್ಚಿಕೊಂಡು, ಬೆರಳು ಮಡಚಿ ಎಣಿಸಿ, ದಬ್ಬಳ ತೆಗೆದು, "ಒಂಬತ್ ಬರಕೋರೀ ಅಕ್ಕಾರ" ಎಂದರು. ಬರೆದುಕೊಂಡೆ.